ಐದಡಿ ಒಂಬತ್ತಿಂಚಿನ ನಟಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಇತ್ತ ನಾವೆಲ್ಲರೂ ಕ್ಷೇಮ. ನಿನ್ನ ಪತ್ರ ಕೈಸೇರಿ ಎರಡು ವಾರವಾಯಿತು. ಉತ್ತರ ತಡವಾದದ್ದಕ್ಕೆ ಆ ಪತ್ರದ ಕೊನೆಯ ಒಂದು ಮಾತೇ ಕಾರಣ. 'ದಿ ಕಿಲ್ಲಿಂಗ್' ಎಂಬ 1956ರ ಹಾಲಿವುಡ್ ಚಿತ್ರವನ್ನು ನೋಡಿದೆನೆಂದೂ, ಅದರಲ್ಲಿ ಕುದುರೆ ಜೂಜಿನ ಕೌಂಟರಿನಲ್ಲಿ ಕೂರುವ ಆ ಕುಳ್ಳ ಕ್ಯಾಷಿಯರನ ಹೆಂಡತಿಯಾಗಿ ಬರುವ ನಟಿ ಕಣ್ಣಿಂದ ಮರೆಯಾಗುತ್ತಿಲ್ಲವೆಂದೂ ಬರೆದಿದ್ದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಅಂದೇ ಉತ್ತರ ಬರೆದುಬಿಡುತ್ತಿದ್ದೆ. ಆದರೆ ನೀನು, "ಇಷ್ಟು ಬಲ್ಲವಳು ಬರೀ ಬಿ ಚಿತ್ರಗಳಲ್ಲೇ ಸವೆದುಹೋದಳಲ್ಲ, ಪಾಪ" ಎಂದು ಸೇರಿಸಿದ್ದೆ. ಆ 'ಪಾಪ' ನನ್ನನ್ನು ಬಿಡಲಿಲ್ಲ. ಆ ನಟಿಗೆ, ಮರೀ ವಿಂಡ್ಸರ್‌ಗೆ, ನಮ್ಮ ಕನಿಕರ ಬೇಕಿಲ್ಲ ಎಂದು ನನಗೆ ಅನ್ನಿಸುತ್ತದೆ, ಏಕೆ ಅನ್ನಿಸುತ್ತದೆ ಎಂಬುದನ್ನು ಹೇಳಲು ಒಂದು ಕಾರ್ಡಿನಷ್ಟು ಜಾಗ ಸಾಲದು. ಆದ್ದರಿಂದ ಈ ಉದ್ದನೆಯ ಪತ್ರ.

ಮೊದಲು ಆ 'ಬಿ' ಎಂಬ ಅಕ್ಷರದ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆ 'ಬಿ ಗ್ರೇಡ್' ಎಂದರೆ ಮೂಗು ಮುರಿಯುವ ಮಾತು. ಮನೆಯವರೆದುರು ಹೆಸರೆತ್ತಲಾಗದ ಚಿತ್ರ, ಬೆಳಗಿನ ಆಟಕ್ಕೆ ಮಾತ್ರ ಹಾಕುವ ಚಿತ್ರ ಎಂದು ಅರ್ಥ. ಆ ಅರ್ಥವನ್ನು ಇಟ್ಟುಕೊಂಡು ಆ ಕಾಲದ ಹಾಲಿವುಡ್ಡಿಗೆ ಹೋದರೆ ದಾರಿ ತಪ್ಪುತ್ತೇವೆ. ಅಲ್ಲಿ ಬಿ ಎಂಬುದು ಗುಣದ ಅಳತೆಯಲ್ಲ, ಆಟದ ಪಟ್ಟಿಯಲ್ಲಿನ ಜಾಗ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಚಿತ್ರಮಂದಿರಗಳು ಖಾಲಿ ಹೊಡೆಯತೊಡಗಿದಾಗ, ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಅಮೆರಿಕದ ಊರೂರಿಗೂ ಹಬ್ಬಿತು. ಮೊದಲನೆಯದು ದೊಡ್ಡ ತಾರೆಗಳ ಚಿತ್ರ. ಅದರ ಕಲೆಕ್ಷನ್ನಿನಲ್ಲಿ ಸ್ಟುಡಿಯೋಗೆ ಇಷ್ಟು ಪಾಲು ಎಂದು ಲೆಕ್ಕ. ಎರಡನೆಯದಕ್ಕೆ ಪಾಲಿಲ್ಲ, ಗೊತ್ತುಮಾಡಿದ ಬಾಡಿಗೆ ಮಾತ್ರ. ಚಿತ್ರ ಎಷ್ಟೇ ಚೆನ್ನಾಗಿರಲಿ, ಎಷ್ಟೇ ಜನ ಬರಲಿ, ಎರಡನೆಯ ಚಿತ್ರ ಮಾಡಿದವನಿಗೆ ಸಿಗುವ ಹಣ ಅಷ್ಟೇ. ಬರುವ ಹಣ ಮೊದಲೇ ತಿಳಿದಿರುವಾಗ ಲಾಭ ಉಳಿಯುವುದು ಖರ್ಚಿನ ಕಡೆಯಿಂದಲೇ ತಾನೆ? ಹೀಗಾಗಿ ಎರಡು ಮೂರು ವಾರದಲ್ಲಿ ಚಿತ್ರೀಕರಣ ಮುಗಿಯಬೇಕು, ಚಿತ್ರ ಒಂದು ಗಂಟೆಯ ಮೇಲೆ ಹತ್ತಿಪ್ಪತ್ತು ನಿಮಿಷಕ್ಕಿಂತ ಬೆಳೆಯಬಾರದು, ಬೇರೊಂದು ಚಿತ್ರಕ್ಕೆ ಹಾಕಿದ ಸೆಟ್ಟು ಬಿಚ್ಚುವುದರೊಳಗೆ ಅದರಲ್ಲೇ ಇದನ್ನೂ ತೆಗೆಯಬೇಕು. ದೊಡ್ಡ ಸ್ಟುಡಿಯೋಗಳು ಇದಕ್ಕೆಂದೇ ಪ್ರತ್ಯೇಕ ವಿಭಾಗ ಇಟ್ಟಿದ್ದವು. ರಿಪಬ್ಲಿಕ್, ಮೊನೊಗ್ರಾಂನಂಥ ಸಣ್ಣ ಸಂಸ್ಥೆಗಳು ಹೆಚ್ಚಾಗಿ ಇದರಲ್ಲೇ ಬದುಕಿದವು. ಅಂಥ ಕಡೆ ನಟಿಯೊಬ್ಬಳು ಬಾಳಬೇಕಾದರೆ ಮುಖ ಚೆನ್ನಾಗಿದ್ದರೆ ಸಾಲದು. ಮೊದಲ ಟೇಕಿನಲ್ಲೇ ಮಾತು ತಪ್ಪದೆ ಬರಬೇಕು, ಬೆಳಕು ಎಲ್ಲಿ ಬೀಳುತ್ತದೆಂದು ಹೇಳಿಸಿಕೊಳ್ಳದೆ ತಿಳಿಯಬೇಕು, ಪಾತ್ರವನ್ನು ಕಟ್ಟಲು ಸಿಗುವ ನಾಲ್ಕೈದು ದೃಶ್ಯಗಳಲ್ಲಿ ಅದು ನಿಂತುಬಿಡಬೇಕು.

ಮರೀ ವಿಂಡ್ಸರ್ ಹುಟ್ಟಿದ್ದು 1919ರ ಡಿಸೆಂಬರ್ 11ರಂದು, ಯೂಟಾ ರಾಜ್ಯದ ಮೇರಿಸ್‌ವೇಲ್ ಎಂಬ ಊರಿನಲ್ಲಿ. ಹೆತ್ತವರು ಇಟ್ಟ ಹೆಸರು ಎಮಿಲಿ ಮರೀ ಬರ್ಟೆಲ್ಸನ್. ಬೆಟ್ಟಗಳ ನಡುವಿನ ಪುಟ್ಟ ಗಣಿಯೂರು. ಮದ್ಯವನ್ನೂ ತಂಬಾಕನ್ನೂ ಮುಟ್ಟಬಾರದೆನ್ನುವ ಮಾರ್ಮನ್ ಪಂಥದ ಸೀಮೆ. ಪ್ರೋವೊದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಓದಿ, ಸೌಂದರ್ಯ ಸ್ಪರ್ಧೆಯೊಂದರಲ್ಲಿ ಗೆದ್ದು, ನಟಿಯಾಗಬೇಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟು ನಿಂತಾಗ ಇನ್ನೂ ಇಪ್ಪತ್ತರ ಹರೆಯ. ಅಲ್ಲಿ ಮಾರಿಯಾ ಊಸ್ಪೆನ್‌ಸ್ಕಾಯಾ ಬಳಿ ಅಭಿನಯ ಕಲಿತಳು. ಆಕೆ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ರಷ್ಯಾದ ಹೆಸರಾಂತ ನಾಟಕ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯ ಗರಡಿಯಲ್ಲಿ ಪಳಗಿದವಳು, ಕಟ್ಟುನಿಟ್ಟಿನ ಗುರು. ಇದನ್ನು ನಾನು ಬಿಡದೆ ಹೇಳುವುದಕ್ಕೆ ಕಾರಣವಿದೆ. ಎರಡನೆಯ ಚಿತ್ರಗಳಲ್ಲಿ ನಟಿಸಿದವರೆಲ್ಲ ಯಾರೋ ದಾರಿಯಲ್ಲಿ ಸಿಕ್ಕ ಚೆಲುವೆಯರು ಎಂಬ ಭಾವನೆ ನಮ್ಮ ತಲೆಯಲ್ಲಿ ಎಲ್ಲೋ ಕೂತಿರುತ್ತದೆ. ಈಕೆ ವಿದ್ಯೆ ಕಲಿತು ಬಂದವಳು. ಹಾಗಿದ್ದೂ 1941ರಿಂದ ಏಳು ವರ್ಷ ಸಿಕ್ಕಿದ್ದೆಲ್ಲ ಚೂರುಪಾರು ಪಾತ್ರ. ಇಲ್ಲೊಂದು ಸಾಲು ಮಾತು, ಅಲ್ಲೊಂದು ನಗು, ಹಲವು ಚಿತ್ರಗಳಲ್ಲಿ ಹೆಸರೂ ಇಲ್ಲ.

ಏಕೆ ಎಂದು ಕೇಳಿದರೆ ಒಂದು ಉತ್ತರ ಆಕೆಯ ಎತ್ತರದಲ್ಲಿದೆ. ಐದಡಿ ಒಂಬತ್ತಿಂಚು. ಹಿಮ್ಮಡಿ ಎತ್ತಿದ ಚಪ್ಪಲಿ ಹಾಕಿದರೆ ಇನ್ನೂ ಮೂರಿಂಚು. ಆ ಕಾಲದ ನಾಯಕನಟರಲ್ಲಿ ಅನೇಕರು ಅಷ್ಟು ಎತ್ತರವಿರಲಿಲ್ಲ, ನಾಯಕಿ ನಾಯಕನ ಭುಜಕ್ಕೆ ತಲೆಯಿಡಬೇಕೆಂಬುದು ಎಲ್ಲರೂ ಒಪ್ಪಿದ ನಿಯಮವಾಗಿತ್ತು. ತನಗಿಂತ ಕುಳ್ಳರಾದ ನಾಯಕರ ಜೊತೆಗೆ ಮಂಡಿ ಬಗ್ಗಿಸಿ ನಡೆಯಬೇಕಾಗುತ್ತಿತ್ತೆಂದು, ಮಂಡಿ ಬಗ್ಗಿಸಿಯೇ ಕುಣಿಯಬೇಕಾಗುತ್ತಿತ್ತೆಂದು ಆಕೆ ಮುಂದೆ ಸಂದರ್ಶನಗಳಲ್ಲಿ ನೆನೆಸಿಕೊಂಡಿದ್ದಾಳೆ. ಇದನ್ನು ಓದಿದ ದಿನ ನಾನು ಮನೆಯಲ್ಲಿ ಒಬ್ಬನೇ ಇದ್ದಾಗ ಹಾಗೆ ನಡೆದು ನೋಡಿದೆ. ಸೊಂಟದಿಂದ ಮೇಲೆ ನೆಟ್ಟಗಿರಬೇಕು, ಕತ್ತು ಎತ್ತಿರಬೇಕು, ಮುಖದಲ್ಲಿ ಪ್ರೀತಿಯೋ ಮೋಸವೋ ದೃಶ್ಯಕ್ಕೆ ಬೇಕಾದುದು ಕಾಣಬೇಕು. ಕೆಳಗೆ ಮಾತ್ರ ತೊಡೆಯ ಸ್ನಾಯುಗಳು ಹತ್ತು ಹೆಜ್ಜೆಗೇ ಉರಿಯತೊಡಗುತ್ತವೆ. ಉದ್ದನೆಯ ಗೌನಿನ ಮರೆಯಲ್ಲಿ ಇದನ್ನು ಟೇಕಿನ ಮೇಲೆ ಟೇಕು ಮಾಡಿ, ಮಾತನ್ನೂ ತಪ್ಪದೆ ಒಪ್ಪಿಸಿದವಳು ಆಕೆ. ನಾವು ತೆರೆಯ ಮೇಲೆ ನೋಡುವುದು ಅರ್ಧ ಮುಚ್ಚಿದ ಆ ದೊಡ್ಡ ಕಣ್ಣುಗಳನ್ನು, ಯಾವ ಗಂಡಸಿಗೂ ಹೆದರದ ಆ ನೋಟವನ್ನು. ಕೆಳಗೆ ಬಗ್ಗಿದ ಮಂಡಿ ನಮಗೆ ಕಾಣುವುದಿಲ್ಲ.

1948ರಲ್ಲಿ ಬಂದ 'ಫೋರ್ಸ್ ಆಫ್ ಈವಿಲ್' ಆಕೆಗೆ ಮೊದಲ ಬಾರಿಗೆ ಗಟ್ಟಿಯಾದ ಪಾತ್ರ ಕೊಟ್ಟಿತು. ನಾಯಕ ಜಾನ್ ಗಾರ್‌ಫೀಲ್ಡ್, ಆಕೆಗಿಂತ ಕುಳ್ಳ. ನಿರ್ದೇಶಕ ಅಬ್ರಹಾಂ ಪೊಲೊನ್‌ಸ್ಕಿ. ಮಟ್ಕಾದಂಥ ಅಂಕಿ ಜೂಜಿನ ದಂಧೆಯನ್ನು ದೊಡ್ಡ ಬಂಡವಾಳದ ವ್ಯವಹಾರಕ್ಕೆ ಹೋಲಿಸಿ ತೋರಿಸುವ ಆ ಚಿತ್ರದಲ್ಲಿ ವಿಂಡ್ಸರ್ ದಂಧೆಯ ಯಜಮಾನನ ಹೆಂಡತಿ, ವಕೀಲ ನಾಯಕನನ್ನು ತನ್ನ ಕಡೆಗೆ ಸೆಳೆಯಲು ನೋಡುವವಳು. ದೃಶ್ಯಗಳು ಕೆಲವೇ, ಆದರೆ ಅವು ನೆನಪಿನಲ್ಲಿ ಉಳಿಯುತ್ತವೆ. ದುರದೃಷ್ಟವೆಂದರೆ ಆ ಚಿತ್ರದ ಜೊತೆಗಿದ್ದವರ ಮೇಲೆಯೇ ಕಾಲ ಮುನಿಯಿತು. ಕಮ್ಯುನಿಸ್ಟರನ್ನು ಹುಡುಕುವ ಸಂಸತ್ ಸಮಿತಿಯ ಗಲಾಟೆಯಲ್ಲಿ ಪೊಲೊನ್‌ಸ್ಕಿಯ ಹೆಸರು ಸ್ಟುಡಿಯೋಗಳು ಕೆಲಸ ಕೊಡದವರ ಕಪ್ಪುಪಟ್ಟಿ ಸೇರಿ, ಆತ ಮತ್ತೆ ಒಂದು ಚಿತ್ರ ನಿರ್ದೇಶಿಸುವಷ್ಟರಲ್ಲಿ ಇಪ್ಪತ್ತು ವರ್ಷ ದಾಟಿತ್ತು. ಅದೇ ಸಮಿತಿಯ ಕಾಟದಲ್ಲಿ ಬೆಂದ ಗಾರ್‌ಫೀಲ್ಡ್ 1952ರಲ್ಲಿ, 39ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ. ಏಣಿಯ ಮೊದಲ ಮೆಟ್ಟಿಲು ಹತ್ತಿದ ಕೂಡಲೇ ಏಣಿ ಹಿಡಿದವರೇ ಇಲ್ಲದಂತಾದರೆ ಹೇಗಿರುತ್ತದೆ, ನೀನೇ ಊಹಿಸಿಕೋ.

1949ರಲ್ಲಿ ರಿಪಬ್ಲಿಕ್ ಸಂಸ್ಥೆಯ 'ಹೆಲ್‌ಫೈರ್' ಎಂಬ ಕೌಬಾಯ್ ಚಿತ್ರ. ಅದರಲ್ಲಿ ಆಕೆ ಪೊಲೀಸರಿಗೆ ಬೇಕಾದ ಹೆಣ್ಣು ದರೋಡೆಕೋರಳು. ಗಂಡಸಿನ ಉಡುಪು ತೊಟ್ಟು, ಸೊಂಟಕ್ಕೆ ಪಿಸ್ತೂಲು ಕಟ್ಟಿ ಕುದುರೆ ಓಡಿಸುವವಳು. ಯೂಟಾದ ಹಳ್ಳಿಯ ಕಡೆಯ ಹೆಣ್ಣುಮಗಳಿಗೆ ಕುದುರೆಯ ಬೆನ್ನು ಹೊಸದಲ್ಲ. ನಾಯಕನ ಪಕ್ಕದಲ್ಲಿ ಅಡ್ಡಿಯಾಗಿದ್ದ ಅದೇ ಎತ್ತರ ಜೀನಿನ ಮೇಲೆ ಕೂತಾಗ ಶೋಭೆಯಾಗುತ್ತದೆ. ಸಾಧ್ಯವಾದರೆ ಹುಡುಕಿ ನೋಡು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಚಿತ್ರಕ್ಕೆ ಬರುತ್ತೇನೆ: 'ದಿ ನ್ಯಾರೋ ಮಾರ್ಜಿನ್'. ಆರ್‌ಕೆಓ ಸ್ಟುಡಿಯೋದ ಬಿ ವಿಭಾಗದಲ್ಲಿ, ರಿಚರ್ಡ್ ಫ್ಲೈಷರ್ ನಿರ್ದೇಶನದಲ್ಲಿ, 1950ರಲ್ಲಿ, 13 ದಿನಗಳಲ್ಲಿ ತೆಗೆದ 71 ನಿಮಿಷದ ಚಿತ್ರ. ಖರ್ಚು ಸುಮಾರು 2,30,000 ಡಾಲರು. ಹೆಚ್ಚುಕಡಿಮೆ ಇಡೀ ಕತೆ ನಡೆಯುವುದು ಷಿಕಾಗೋದಿಂದ ಲಾಸ್ ಏಂಜಲೀಸಿಗೆ ಹೋಗುವ ಒಂದು ರೈಲಿನಲ್ಲಿ. ರೈಲಿನ ಬೋಗಿಯ ಸೆಟ್ಟನ್ನು ಸ್ಪ್ರಿಂಗಿನ ಮೇಲೆ ನಿಲ್ಲಿಸಿ ಅಲುಗಾಡಿಸಲು ಹಣವಿರಲಿಲ್ಲ. ಅದಕ್ಕೆ ಸೆಟ್ಟನ್ನು ನೆಲಕ್ಕೆ ಬಿಗಿದು, ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿದರು. ಹಿನ್ನೆಲೆ ಸಂಗೀತವನ್ನೂ ಬಿಟ್ಟುಬಿಟ್ಟರು. ಗಾಲಿಗಳ ಸದ್ದು, ಸೀಟಿ, ಹಬೆ, ಬಾಗಿಲು ಬಡಿಯುವ ಸದ್ದು, ಇವಿಷ್ಟೇ ಆ ಚಿತ್ರದ ಸಂಗೀತ. ಕೈ ಬಿಗಿಯಾಗಿದ್ದಾಗ ಹುಟ್ಟುವ ಇಂಥ ಜಾಣ್ಮೆ ಆ ಎರಡನೆಯ ಚಿತ್ರಗಳ ದೊಡ್ಡ ಆಸ್ತಿ.

ಕತೆ ನಿನಗೆ ತಿಳಿಯದಿದ್ದರೆ ಇಲ್ಲಿ ಹೇಳಲೇಬೇಕು, ಕೊನೆಯ ತಿರುವನ್ನೂ ಬಿಡುವಂತಿಲ್ಲ. ಏಕೆಂದರೆ ನನ್ನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಸತ್ತುಹೋದ ಪಾತಕಿಯೊಬ್ಬನ ಹೆಂಡತಿ ಗ್ರ್ಯಾಂಡ್ ಜ್ಯೂರಿಯ ಮುಂದೆ, ಅಂದರೆ ಮೊಕದ್ದಮೆ ಹೂಡಬೇಕೋ ಬೇಡವೋ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯ ಮುಂದೆ, ಸಾಕ್ಷಿ ಹೇಳಬೇಕು. ಅವಳನ್ನು ಕಾಪಾಡಿ ಕರೆದೊಯ್ಯುವ ಹೊಣೆ ಬ್ರೌನ್ ಎಂಬ ಪೊಲೀಸ್ ಅಧಿಕಾರಿಯದು, ಚಾರ್ಲ್ಸ್ ಮೆಗ್ರಾ ಮಾಡಿದ ಪಾತ್ರ. ಷಿಕಾಗೋದ ಮನೆಯಿಂದ ಅವಳನ್ನು ಇಳಿಸಿಕೊಂಡು ಬರುವಾಗ ಕತ್ತಿನ ಮುತ್ತಿನ ಸರ ಹರಿದು, ಮುತ್ತುಗಳು ಮೆಟ್ಟಿಲುಗಳ ಮೇಲೆ ಉರುಳಿ, ಕೆಳಗೆ ಕಾದು ನಿಂತ ಕೊಲೆಗಾರನ ಬೂಟಿನವರೆಗೆ ಹೋಗುತ್ತವೆ. ಬ್ರೌನನ ಹಳೆಯ ಜೊತೆಗಾರ ಅಲ್ಲೇ ಸಾಯುತ್ತಾನೆ. ಆ ಹೊತ್ತಿನಿಂದ ಬ್ರೌನನಿಗೆ ಈ ಹೆಂಗಸನ್ನು ಕಂಡರೆ ಮೈಯೆಲ್ಲ ಉರಿ. ಅವಳೂ ಹಾಗೆಯೇ ಇದ್ದಾಳೆ. ಸಿಗರೇಟು ಸೇದುತ್ತ, ಗ್ರಾಮಫೋನು ಹಚ್ಚಿಕೊಂಡು, ಗೊಣಗುತ್ತ, ಚುಚ್ಚುತ್ತ, ಲಂಚ ತೆಗೆದುಕೊಂಡು ಇಬ್ಬರೂ ಬದುಕಿಬಿಡೋಣ ಎನ್ನುವಂತೆ ಮಾತನಾಡುತ್ತ, ಕೂಪೆಯೊಳಗೆ ಬಾಗಿಲು ಹಾಕಿಕೊಂಡು ಕೂತಿರುತ್ತಾಳೆ. ನಾವೂ ಬ್ರೌನನ ಜೊತೆ ಸೇರಿ ಅವಳನ್ನು ದ್ವೇಷಿಸತೊಡಗುತ್ತೇವೆ. ಆಮೇಲೆ ಕೊಲೆಗಾರರು ಆ ಕೂಪೆಯ ಬಾಗಿಲು ಮುರಿದು ಒಳಗೆ ಬರುತ್ತಾರೆ, ಅವಳನ್ನು ಗುಂಡಿಟ್ಟು ಕೊಲ್ಲುತ್ತಾರೆ. ಆಗ ತಿಳಿಯುತ್ತದೆ, ಅವಳು ಪಾತಕಿಯ ಹೆಂಡತಿಯಲ್ಲ, ಪೊಲೀಸ್ ಇಲಾಖೆಯವಳೇ. ನಿಜವಾದ ಸಾಕ್ಷಿಯಿಂದ ಶತ್ರುಗಳ ಕಣ್ಣು ತಪ್ಪಿಸಲು, ಜೊತೆಗೆ ಬ್ರೌನ್ ಲಂಚಕ್ಕೆ ಬಾಗುತ್ತಾನೋ ಇಲ್ಲವೋ ಪರೀಕ್ಷಿಸಲು, ಇಲಾಖೆಯೇ ಅವಳಿಗೆ ಆ ವೇಷ ಹಾಕಿಸಿ ರೈಲು ಹತ್ತಿಸಿತ್ತು.

ಈಗ ವಿಂಡ್ಸರ್ ಮಾಡಬೇಕಾಗಿದ್ದ ಕೆಲಸವನ್ನು ಯೋಚಿಸು. ಅವಳು ಮಾಡುತ್ತಿರುವುದು ಕೆಟ್ಟ ಹೆಂಗಸಿನ ಪಾತ್ರವಲ್ಲ. ಕೆಟ್ಟ ಹೆಂಗಸಿನ ಪಾತ್ರ ಮಾಡುತ್ತಿರುವ ಪ್ರಾಮಾಣಿಕ ಹೆಂಗಸಿನ ಪಾತ್ರ. ಮೊದಲ ಸಲ ನೋಡುವವನಿಗೆ ಒಳಗಿನವಳು ಎಳ್ಳಷ್ಟೂ ಕಾಣಬಾರದು. ಎರಡನೆಯ ಸಲ ನೋಡಿದಾಗ ಮೋಸಹೋದೆವೆಂದು ಸಿಟ್ಟು ಬರಬಾರದು, ಹೌದಲ್ಲ, ಇಲ್ಲೇ ಇದ್ದಳಲ್ಲ ಅನ್ನಿಸಬೇಕು. ನಾನು ಎರಡನೆಯ ಸಲ ನೋಡಿದಾಗ ಅವಳ ಕಣ್ಣುಗಳನ್ನೇ ಹಿಂಬಾಲಿಸಿದೆ. ಲಂಚದ ಮಾತು ಎತ್ತಿದ ಮೇಲೆ ಬ್ರೌನನ ಮುಖವನ್ನು ಅವಳು ಒಂದು ಗಳಿಗೆ ಹೆಚ್ಚಾಗಿಯೇ ನೋಡುತ್ತಾಳೆ. ಮೊದಲ ಸಲ ಅದು ಆಸೆಬುರುಕತನವಾಗಿ ಕಂಡಿತ್ತು. ಈಗ ಅದೇ ನೋಟ ಅವನನ್ನು ತೂಗುತ್ತಿರುವಂತೆ ಕಾಣುತ್ತದೆ. ಮುಖ ಬದಲಾಗಿಲ್ಲ, ನೋಡುವ ನಮಗೆ ತಿಳಿದದ್ದು ಬದಲಾಗಿದೆ. ಎರಡೂ ಅರ್ಥಕ್ಕೆ ಹೊಂದುವ ಒಂದೇ ನೋಟವನ್ನು ಹದಿಮೂರು ದಿನಗಳ ಅವಸರದಲ್ಲಿ, ನೆಲಕ್ಕೆ ಬಿಗಿದ ಪೆಟ್ಟಿಗೆಯಂಥ ಸೆಟ್ಟಿನಲ್ಲಿ ಕೊಟ್ಟವಳನ್ನು ನಾನು ದೊಡ್ಡ ನಟಿ ಎಂದೇ ಕರೆಯುತ್ತೇನೆ.

ಆ ಚಿತ್ರದ ವಿಷಯದಲ್ಲಿ ನನಗೊಂದು ದೂರೂ ಇದೆ. ಅವಳು ಸತ್ತ ಮೇಲೆ ಯಾರೂ ಅವಳಿಗಾಗಿ ಒಂದು ನಿಟ್ಟುಸಿರು ಬಿಡುವುದಿಲ್ಲ. ಸಾಕ್ಷಿಯನ್ನು ಕಾಪಾಡಲು ಸತ್ತವಳು ತನ್ನಂತೆಯೇ ಪೊಲೀಸಿನವಳು ಎಂದು ತಿಳಿದ ಮೇಲೆ ಬ್ರೌನ್ ಒಂದು ಗಳಿಗೆ ತಲೆತಗ್ಗಿಸಿ ನಿಲ್ಲಬೇಕಿತ್ತು. ಕತೆ ಅಷ್ಟಕ್ಕೂ ಬಿಡುವು ಕೊಡದೆ ನಿಜವಾದ ಸಾಕ್ಷಿಯ ಕಡೆಗೆ, ಒಳ್ಳೆಯ ತಾಯಿಯಾಗಿರುವ ಆ ಇನ್ನೊಬ್ಬ ಹೆಂಗಸಿನ ಕಡೆಗೆ ಓಡಿಬಿಡುತ್ತದೆ. ಕೊನೆಯಲ್ಲಿ ಅವರಿಬ್ಬರೂ ಬೀದಿಯಲ್ಲಿ ಜೊತೆಯಾಗಿ ನಡೆದು ಹೋಗುತ್ತಾರೆ. ನಾನು ಮಾತ್ರ ಪ್ರತಿ ಸಲವೂ ಹಿಂದೆ ಆ ಕೂಪೆಯಲ್ಲೇ ಉಳಿದುಬಿಡುತ್ತೇನೆ.

ಚಿತ್ರ ಮುಗಿದರೂ ಬಿಡುಗಡೆಯಾಗಲಿಲ್ಲ. ಆರ್‌ಕೆಓ ಆಗ ಹಾವರ್ಡ್ ಹ್ಯೂಸ್ ಎಂಬ ಕೋಟ್ಯಧೀಶನ ಕೈಯಲ್ಲಿತ್ತು. ಆತನಿಗೆ ಚಿತ್ರ ಬಹಳ ಹಿಡಿಸಿತು. ಹಿಡಿಸಿದ್ದೇ ಕಂಟಕವಾಯಿತು. ಇಷ್ಟು ಒಳ್ಳೆಯದನ್ನು ಎರಡನೆಯ ಚಿತ್ರವಾಗಿ ಏಕೆ ಕಳೆಯಬೇಕು, ರಾಬರ್ಟ್ ಮಿಚಮ್ ಮತ್ತು ಜೇನ್ ರಸೆಲ್‌ರನ್ನು ಹಾಕಿಕೊಂಡು ದೊಡ್ಡದಾಗಿ ಮತ್ತೆ ತೆಗೆದರೆ ಹೇಗೆ ಎಂದು ಯೋಚಿಸುತ್ತ ಆತ ರೀಲುಗಳನ್ನು ತನ್ನ ಬಳಿಯೇ ಇಟ್ಟುಕೊಂಡ. ಅಂದರೆ ಮೆಗ್ರಾ, ವಿಂಡ್ಸರ್ ಇಬ್ಬರ ಕೆಲಸವನ್ನೂ ಅಳಿಸಿ, ಅದೇ ಜಾಗದಲ್ಲಿ ತಾರೆಗಳನ್ನು ಕೂರಿಸುವ ಯೋಚನೆ. ಪುಣ್ಯಕ್ಕೆ ಅದು ನಡೆಯಲಿಲ್ಲ. 1952ರಲ್ಲಿ ಚಿತ್ರ ಇದ್ದ ಹಾಗೆಯೇ ಹೊರಬಂದು, ಜನ ಮೆಚ್ಚಿ, ಅದರ ಮೂಲಕತೆ ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು. ಆದರೆ ಎರಡು ವರ್ಷ ಕಳೆದಿತ್ತು. ಮೂವತ್ತರ ಆಸುಪಾಸಿನ ನಟಿಯ ಬಾಳಿನಲ್ಲಿ ಅತ್ಯುತ್ತಮ ಕೆಲಸವೊಂದು ಎರಡು ವರ್ಷ ಡಬ್ಬಿಯಲ್ಲಿ ಕೂರುವುದೆಂದರೆ ಸಣ್ಣ ನಷ್ಟವಲ್ಲ.

ಆ ಡಬ್ಬಿಯಿಂದ ಹೊರಬಂದದ್ದನ್ನು ನೋಡಿದವರಲ್ಲಿ ಸ್ಟಾನ್ಲಿ ಕೂಬ್ರಿಕ್ ಎಂಬ ತರುಣನೂ ಇದ್ದ. 1955ರಲ್ಲಿ, 27ನೆಯ ವಯಸ್ಸಿನಲ್ಲಿ, 'ದಿ ಕಿಲ್ಲಿಂಗ್' ತೆಗೆಯಲು ಹೊರಟಾಗ ಆ ಕ್ಯಾಷಿಯರನ ಹೆಂಡತಿ ಶೆರಿ ಪೀಟಿಯ ಪಾತ್ರಕ್ಕೆ ಆತ ಬೇರೆ ಯಾರನ್ನೂ ಹುಡುಕದೆ, 'ದಿ ನ್ಯಾರೋ ಮಾರ್ಜಿನ್'ನಲ್ಲಿ ನೋಡಿದ್ದ ಈಕೆಯನ್ನೇ ಕರೆದ. ಉಳಿದದ್ದನ್ನು ನೀನೇ ನೋಡಿದ್ದೀಯೆ. ಗಂಡ ಜಾರ್ಜ್ ಆಗಿ ಎಲಿಷಾ ಕುಕ್ ಸಣ್ಣ ಆಳು, ಸಣ್ಣ ದನಿ, ಬೆವರುವ ಹಣೆ. ಇಷ್ಟು ವರ್ಷ ಬಗ್ಗಿಸಿದ ಮಂಡಿಯನ್ನು ಇಲ್ಲಿ ಯಾರೂ ಬಗ್ಗಿಸು ಎನ್ನಲಿಲ್ಲ. ಆಕೆ ನೆಟ್ಟಗೆ ನಿಂತಳು, ಆ ನಿಲುವೇ ಇಡೀ ದಾಂಪತ್ಯದ ಕತೆ ಹೇಳಿಬಿಟ್ಟಿತು. ಜಾರ್ಜ್ ಕೆಲಸ ಮುಗಿಸಿ ಮನೆಗೆ ಬರುವ ಮೊದಲ ದೃಶ್ಯವನ್ನು ಇನ್ನೊಮ್ಮೆ ನೋಡು. ಆತ ಹೊಟ್ಟೆನೋವೆನ್ನುತ್ತಾನೆ, ಅವಳು ಕೂತಲ್ಲಿಂದ ಏಳುವುದಿಲ್ಲ. ಪ್ರತಿ ಮಾತಿಗೂ ಒಂದು ಮುಳ್ಳು. ಹಾಗೆಯೇ ಅವನು ಬಾಯಿತಪ್ಪಿ ದೊಡ್ಡ ಹಣದ ಸುಳಿವು ಬಿಟ್ಟುಕೊಟ್ಟ ಕೂಡಲೇ ಅವಳ ದನಿ ಬೆಣ್ಣೆಯಾಗುತ್ತದೆ. ಆ ಬದಲಾವಣೆಯಲ್ಲಿ ಒಂದು ಹುಬ್ಬು ಕೂಡ ಅತಿಯಾಗಿ ಏರುವುದಿಲ್ಲ. ಕ್ರೌರ್ಯದ ಅಡಿಯಲ್ಲಿ ಬೇಸರವಿದೆ, ಕೊಟ್ಟ ಮಾತು ಉಳಿಸಿಕೊಳ್ಳದ ಗಂಡನ ಜೊತೆ ವರ್ಷಗಟ್ಟಲೆ ಅದೇ ಕೋಣೆಯಲ್ಲಿ ಕೂತು ಹುಟ್ಟಿದ ಬೇಸರ. ಅದನ್ನು ವಿಂಡ್ಸರ್ ಮುಚ್ಚಿಡದೆ ತೋರಿಸಿದ್ದರಿಂದಲೇ ಶೆರಿ ಬರೀ ಖಳನಾಯಕಿಯಾಗಿ ಉಳಿಯಲಿಲ್ಲ.

ಈ ಚಿತ್ರಕ್ಕೂ ಎರಡನೆಯ ಜಾಗವೇ ಸಿಕ್ಕಿತು. ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಇದನ್ನು ರಾಬರ್ಟ್ ಮಿಚಮ್ ನಾಯಕನಾಗಿದ್ದ 'ಬ್ಯಾಂಡಿಡೊ' ಎಂಬ ಚಿತ್ರದ ಜೊತೆ, ಅದರ ಬಾಲವಾಗಿ, 1956ರಲ್ಲಿ ಬಿಡುಗಡೆ ಮಾಡಿತು. ಇಂದು 'ಬ್ಯಾಂಡಿಡೊ' ಎಷ್ಟು ಜನಕ್ಕೆ ನೆನಪಿದೆ ಹೇಳು. ಶೆರಿ ಪಾತ್ರಕ್ಕೆ 'ಲುಕ್' ಪತ್ರಿಕೆ ಆ ವರ್ಷದ ಅತ್ಯುತ್ತಮ ಪೋಷಕ ನಟಿ ಎಂಬ ಪ್ರಶಸ್ತಿ ಕೊಟ್ಟಿತು.

ಇವೆರಡರ ನಡುವೆ, ಹಿಂದೆ ಮುಂದೆ, ಬೇರೆ ಬಗೆಯ ಚಿತ್ರಗಳೂ ಇದ್ದವು. ಅವನ್ನು ಮುಚ್ಚಿಟ್ಟು ನಾನು ವಾದ ಗೆಲ್ಲಲಾರೆ. 1953ರ 'ಕ್ಯಾಟ್ ವಿಮೆನ್ ಆಫ್ ದಿ ಮೂನ್'ನಲ್ಲಿ ಆಕೆ ಚಂದ್ರನಿಗೆ ಹೋಗುವ ರಾಕೆಟ್ಟಿನಲ್ಲಿ ದಾರಿ ಲೆಕ್ಕಹಾಕುವವಳು. ರಾಕೆಟ್ಟಿನೊಳಗೆ ಆಫೀಸಿನ ಕುರ್ಚಿಗಳು, ಚಂದ್ರನ ಗುಹೆಯಲ್ಲಿ ದಾರಕ್ಕೆ ಕಟ್ಟಿದ ದೊಡ್ಡ ಜೇಡ. 'ಸ್ವಾಂಪ್ ವಿಮೆನ್' ಚಿತ್ರಕ್ಕಾಗಿ ನಿರ್ದೇಶಕ ರೋಜರ್ ಕಾರ್ಮನ್ ಆಕೆಯನ್ನು ಲೂಯಿಸಿಯಾನಾದ ಜೌಗುನೆಲಕ್ಕೆ ಕರೆದೊಯ್ದು ಕೆಸರು ನೀರಿನಲ್ಲಿ ನಡೆಸಿದ. ಇಂಥ ಚಿತ್ರಗಳನ್ನು ನೋಡಿ ನಗುವವರಿದ್ದಾರೆ. ನನ್ನ ಕಣ್ಣು ಹೋಗುವುದು ಬೇರೆ ಕಡೆಗೆ. ಆ ಕಾಗದದ ಚಂದ್ರನ ಮೇಲೂ ಆಕೆ ಕೆಲಸಗಳ್ಳತನ ಮಾಡಲಿಲ್ಲ. ಪೊಲೊನ್‌ಸ್ಕಿಗೆ ಕೊಟ್ಟ ಗಮನವನ್ನೇ ಆ ದಾರದ ಜೇಡಕ್ಕೂ ಕೊಟ್ಟಳು. ನಮ್ಮಲ್ಲಿ ಕಂಪನಿ ನಾಟಕದವರು ತುಂಬಿದ ಟೆಂಟಿಗೂ ಇಪ್ಪತ್ತು ಜನ ಕೂತ ಟೆಂಟಿಗೂ ಒಂದೇ ಪಾತ್ರ ಮಾಡುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದುದು ನೆನಪಾಗುತ್ತದೆ.

ಆಕೆಯ ಪಾತ್ರಗಳು ಚಿತ್ರದಿಂದ ಚಿತ್ರಕ್ಕೆ ಸಾಯುತ್ತಿದ್ದುದಕ್ಕೂ ಕಾರಣವಿತ್ತು. ತಪ್ಪು ಮಾಡಿದವರಿಗೆ ತೆರೆಯ ಮೇಲೆ ಶಿಕ್ಷೆಯಾಗಲೇಬೇಕೆಂದು ಹಾಲಿವುಡ್ ತಾನೇ ಹಾಕಿಕೊಂಡಿದ್ದ ನೀತಿಸಂಹಿತೆ 1934ರಿಂದ ಕಟ್ಟುನಿಟ್ಟಾಗಿ ಜಾರಿಯಲ್ಲಿತ್ತು. ಕೆಟ್ಟ ಹೆಣ್ಣಿನ ಪಾತ್ರ ಹಿಡಿದವಳು ಗುಂಡಿಗೆ ಸಿದ್ಧಳಾಗಿಯೇ ಸೆಟ್ಟಿಗೆ ಬರಬೇಕಿತ್ತು. ಜನ ಆ ಪಾತ್ರಗಳನ್ನು ಎಷ್ಟು ನಂಬಿದರೆಂದರೆ, ಆಕೆಯ ಮನೆಗೆ ಅಂಚೆಯಲ್ಲಿ ಬೈಬಲ್‌ಗಳು ಬರುತ್ತಿದ್ದವಂತೆ, ಪಾಪಿಗಳ ಗತಿಯನ್ನು ಹೇಳುವ ಸಾಲುಗಳಿಗೆ ಗುರುತು ಹಾಕಿ. ಮಾರ್ಮನ್ ಮನೆಯಲ್ಲಿ ಬೆಳೆದ ಹೆಣ್ಣುಮಗಳು, ನಿಜಜೀವನದಲ್ಲಿ 1954ರಿಂದ ಕೊನೆಯವರೆಗೂ ಒಬ್ಬನೇ ಗಂಡನೊಡನೆ ಬಾಳಿದವಳು, ಆ ಕಟ್ಟುಗಳನ್ನು ಬಿಚ್ಚುತ್ತ ಏನೆಂದುಕೊಂಡಿರಬಹುದು? ನಟನೆಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇರೆ ಯಾವ ಅಂಚೆಯಲ್ಲಿ ಬಂದೀತು?

ಐವತ್ತರ ದಶಕ ಮುಗಿಯುವ ಹೊತ್ತಿಗೆ ಎರಡನೆಯ ಚಿತ್ರವೆಂಬ ಪದ್ಧತಿಯೇ ಬತ್ತಿಹೋಯಿತು. ಸ್ಟುಡಿಯೋಗಳು ತಮ್ಮದೇ ಚಿತ್ರಮಂದಿರಗಳನ್ನು ಇಟ್ಟುಕೊಳ್ಳಬಾರದು, ಚಿತ್ರಗಳನ್ನು ಗಂಟುಕಟ್ಟಿ ಮಾರಬಾರದು ಎಂದು ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲಿ ತೀರ್ಪು ಕೊಟ್ಟಿತ್ತು. ಅದರ ಬೆನ್ನಿಗೇ ಮನೆಮನೆಗೂ ಟಿವಿ ಬಂತು. ವಿಂಡ್ಸರ್ ಕೂಡ ಟಿವಿಗೆ ನಡೆದಳು. 'ಮ್ಯಾವರಿಕ್', 'ರಾಹೈಡ್', 'ಪೆರಿ ಮೇಸನ್' ಹೀಗೆ ಹತ್ತಾರು ಸರಣಿಗಳಲ್ಲಿ ಒಂದೊಂದು ಕಂತಿನ ಪಾತ್ರ. ಅದೇ ಟಿವಿಯಲ್ಲಿ ರಾತ್ರಿಯ ಹೊತ್ತು ಆಕೆಯ ಹಳೆಯ ಚಿತ್ರಗಳೂ ಓಡುತ್ತಿದ್ದವು. ಆದರೆ ಅವುಗಳ ಹಣದಲ್ಲಿ ನಟರಿಗೆ ಕಾಸೂ ಬರುತ್ತಿರಲಿಲ್ಲ. 1960ರಲ್ಲಿ ನಟರ ಸಂಘ, ಅಂದರೆ ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್, ಮುಷ್ಕರ ಹೂಡಿತು. ಅಲ್ಲಿಂದ ಮುಂದಿನ ಚಿತ್ರಗಳು ಟಿವಿಯಲ್ಲಿ ಬಂದಾಗ ನಟರಿಗೆ ಪಾಲು ಎಂದು ಗೆದ್ದುಕೊಂಡಿತು. ಹಿಂದಿನ ಚಿತ್ರಗಳ ಹಕ್ಕನ್ನು ಮಾತ್ರ ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಬಂದ 22.5 ಲಕ್ಷ ಡಾಲರಿಗೆ ಬಿಟ್ಟುಕೊಟ್ಟಿತು. ಆ ರೈಲಿನ ಕೂಪೆ, ಆ ಕ್ಯಾಷಿಯರನ ಮನೆ, ಎಲ್ಲ ಆ ಹಿಂದಿನ ಪಟ್ಟಿಗೇ ಸೇರಿದವು. ಎಷ್ಟು ಸಲ ತೋರಿಸಿದರೂ ಅವುಗಳಿಂದ ಆಕೆಗೆ ಏನೂ ಬರುವಂತಿರಲಿಲ್ಲ.

ಇಷ್ಟಾದ ಮೇಲೂ ಆಕೆ ಅದೇ ಸಂಘದ ಆಡಳಿತ ಮಂಡಳಿಯಲ್ಲಿ 25 ವರ್ಷ ದುಡಿದಳು ಎಂಬುದನ್ನು ನೀನು ಗಮನಿಸಬೇಕು. ಅಂಥ ಮಂಡಳಿಯ ಕೆಲಸದಲ್ಲಿ ಬೆಳಕಿಲ್ಲ, ಕ್ಯಾಮೆರಾ ಇಲ್ಲ. ಕರಾರುಗಳು, ವಿಮೆ, ಪಿಂಚಣಿ, ಕೆಲಸವಿಲ್ಲದ ವಯಸ್ಸಾದ ನಟರ ಅರ್ಜಿಗಳು. ತಾರೆಗಳಿಗೆ ಸಂಘ ಇಲ್ಲದಿದ್ದರೂ ನಡೆಯುತ್ತದೆ, ಅವರಿಗೆ ವಕೀಲರಿರುತ್ತಾರೆ. ದಿನಗೂಲಿಯ ಹಾಗೆ ಕಾಲ್‌ಶೀಟು ಎಣಿಸಿ ಬದುಕುವವರಿಗೆ ಸಂಘವೇ ಗತಿ, ಅದನ್ನು ಆಕೆ ತನ್ನ ಮೈಯಿಂದಲೇ ಬಲ್ಲವಳು. 1983ರಲ್ಲಿ, ಹೆಸರಾದವರನ್ನು ಗೌರವಿಸುವ ಹಾಲಿವುಡ್ಡಿನ ಕಾಲುದಾರಿಯ ಕಲ್ಲಿನಲ್ಲಿ ಆಕೆಯ ಹೆಸರಿನ ನಕ್ಷತ್ರವನ್ನೂ ಹಾಕಿದರು. ನನಗೆ ಆ ನಕ್ಷತ್ರಕ್ಕಿಂತ ಈ 25 ವರ್ಷ ದೊಡ್ಡದಾಗಿ ಕಾಣುತ್ತದೆ. ಉಳಿದ ಹೊತ್ತಿನಲ್ಲಿ ಚಿತ್ರ ಬರೆದಳು, ಶಿಲ್ಪ ಮಾಡಿದಳು, ಕರೆದಾಗಲೆಲ್ಲ ನಟಿಸಿದಳು. 1991ರವರೆಗೂ ಕ್ಯಾಮೆರಾ ಮುಂದೆ ಇದ್ದಳು, ಅಂದರೆ ಸರಿಯಾಗಿ ಐವತ್ತು ವರ್ಷ. ತೀರಿಕೊಂಡದ್ದು 2000ದ ಡಿಸೆಂಬರ್ 10ರಂದು, 81 ತುಂಬಲು ಒಂದು ದಿನ ಉಳಿದಿರುವಾಗ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ, ನಿನಗೆ ಇದು ಖಂಡಿತ ಇಷ್ಟವಾಗುತ್ತದೆ. 1979ರಲ್ಲಿ ಟೋಬಿ ಹೂಪರ್ ಟಿವಿಗಾಗಿ 'ಸೇಲಮ್ಸ್ ಲಾಟ್' ಎಂಬ ಕತೆಯನ್ನು ತೆಗೆದ. ಅದರಲ್ಲೊಂದು ಬಾಡಿಗೆ ಕೋಣೆಗಳ ಮನೆಯಿದೆ. ಅದನ್ನು ನಡೆಸುವ ಈವಾ ಆಗಿ ಅರವತ್ತರ ಹೊಸ್ತಿಲಿನ ಮರೀ ವಿಂಡ್ಸರ್. ಅವಳ ಜೊತೆ ಹಳೆಯ ನಂಟಿರುವ, ಕುಡಿತಕ್ಕೆ ಬಿದ್ದ ಮುದುಕನಾಗಿ ಎಲಿಷಾ ಕುಕ್. ಶೆರಿ ಮತ್ತು ಜಾರ್ಜ್ ಇಪ್ಪತ್ತಮೂರು ವರ್ಷಗಳ ಮೇಲೆ ಮತ್ತೆ ಒಂದೇ ಸೂರಿನಡಿ! ಆಕೆಯ ಕೂದಲು ನರೆತಿದೆ, ದನಿ ಇಳಿದಿದೆ, ಆ ಕಣ್ಣು ಹಾಗೆಯೇ ಇದೆ. ಇಬ್ಬರೂ ಎದುರುಬದುರು ನಿಂತಾಗ ನೀನು ಆಕೆಯ ಮಂಡಿಯ ಕಡೆ ನೋಡು. ಬಗ್ಗಿಲ್ಲ.

'ದಿ ನ್ಯಾರೋ ಮಾರ್ಜಿನ್' ಸಿಕ್ಕರೆ ಎರಡು ಸಲ ನೋಡಿ, ಎರಡನೆಯ ಸಲ ಆ ಕೂಪೆಯಲ್ಲಿ ನಿನಗೆ ಏನು ಕಂಡಿತೆಂದು ಬರೆ. ಮನೆಯವರೆಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ
ಗೆಳೆಯ